ಜೆಟ್ ಎಂಜಿನ್ನಿಗೂ ತುಕ್ಕು ಬೇಕು

ಜೆಟ್ ಎಂಜಿನ್ನಿನ ಟರ್ಬೈನ್ ಬ್ಲೇಡನ್ನು 'ತುಕ್ಕೇ ಹಿಡಿಯದ ಲೋಹ'ದಿಂದ ಮಾಡುತ್ತಾರೆ ಎಂದು ಯಾರಾದರೂ ಬರೆದಾಗಲೆಲ್ಲ ನನಗೆ ರೇಗುತ್ತದೆ. ಸಾವಿರ ಡಿಗ್ರಿ ಕಾವಿನಲ್ಲಿ ಆಕ್ಸಿಜನ್ನಿಗೆ ಜಗ್ಗದ ನಿಕ್ಕಲ್ ಸೂಪರ್ ಅಲಾಯ್ (ಕಾವು ತಡೆಯಲೆಂದೇ ಮಾಡಿದ, ನಿಕ್ಕಲ್ಲೇ ಹೆಚ್ಚಿರುವ ಮಿಶ್ರಲೋಹ) ಯಾವುದೂ ಇಲ್ಲ. ಎಲ್ಲಕ್ಕೂ ತುಕ್ಕು ಹಿಡಿಯುತ್ತದೆ. ಹಿಡಿಯಲೇಬೇಕು, ಬ್ಲೇಡು ಉಳಿಯುವುದೇ ಅದರಿಂದ.

ನಿಕ್ಕಲ್ಲಿನ ತುಕ್ಕು ಬೇಗ ಬೆಳೆದು ಲೋಹವನ್ನು ತಿನ್ನುತ್ತದೆ. ಕ್ರೋಮಿಯಮ್ಮಿನದು ವಾಸಿ, ಆದರೆ ಸುಮಾರು 1000 ಡಿಗ್ರಿ ಸೆಲ್ಸಿಯಸ್ ದಾಟಿದರೆ ಅದು ಇನ್ನಷ್ಟು ಆಕ್ಸಿಜನ್ ಸೇರಿಸಿಕೊಂಡು ಅನಿಲವಾಗಿ ಹಾರಿಹೋಗುತ್ತದೆ. ಆಮೇಲೆ ಉಳಿಯುವ ಆಸರೆ ಅಲ್ಯೂಮಿನಾ, ಅಂದರೆ ಮಿಶ್ರಲೋಹದಲ್ಲಿರುವ ಅಲ್ಯೂಮಿನಿಯಮ್ಮಿನ ತುಕ್ಕು. ಮಾಣಿಕ್ಯ, ನೀಲಮಣಿಗಳೂ ಇದೇ ವಸ್ತು. ಕೆಲವೇ ಮೈಕ್ರಾನ್ ದಪ್ಪದ ಈ ಪದರ ದಪ್ಪವಾದಷ್ಟೂ ನಿಧಾನವಾಗಿ ಬೆಳೆಯುತ್ತದೆ.

ಕಷ್ಟವಿರುವುದು ತಣಿಯುವಾಗ. ವಿಮಾನ ಇಳಿದು ಎಂಜಿನ್ ಆರಿದಾಗ ಲೋಹ ಹೆಚ್ಚು ಕುಗ್ಗುತ್ತದೆ, ಅಲ್ಯೂಮಿನಾ ಕಡಿಮೆ ಕುಗ್ಗುತ್ತದೆ. ನಡುವೆ ಅದುಮಿಸಿಕೊಂಡ ಪದರ ಉಬ್ಬಿ, ಚಕ್ಕೆಚಕ್ಕೆಯಾಗಿ ಉದುರುತ್ತದೆ. ಮುಂದಿನ ಹಾರಾಟದಲ್ಲಿ ಹೊಸ ಪದರ ಕಟ್ಟಲು ಒಳಗಿನ ಅಲ್ಯೂಮಿನಿಯಂ ಖರ್ಚಾಗುತ್ತದೆ. ಅದು ಮುಗಿಯುತ್ತ ಬಂದ ಮೇಲೆ ನಿಕ್ಕಲ್ಲೇ ಬೇಯತೊಡಗುತ್ತದೆ.

ಮದ್ದು ಮೊದಲು ಸಿಕ್ಕಿದ್ದು ಹೀಟರಿನ ತಂತಿಯಲ್ಲಿ. ನಿಕ್ಕಲ್-ಕ್ರೋಮಿಯಂ ತಂತಿಗೆ ಸೀರಿಯಂನಂಥ ವಿರಳ ಧಾತುವನ್ನು ಚಿಟಿಕೆಯಷ್ಟು ಬೆರೆಸಿದರೆ ಬಾಳಿಕೆ ಬಹಳ ಹೆಚ್ಚುತ್ತದೆಂದು ಗ್ರಿಫಿತ್ಸ್ ಮತ್ತು ಫೈಲ್ ಬ್ರಿಟನ್ನಿನಲ್ಲಿ 1937ರಲ್ಲಿ ಪೇಟೆಂಟ್ ಪಡೆದರು. ಯಿಟ್ರಿಯಂ, ಹಾಫ್ನಿಯಂ ಎಂಬ ಲೋಹಗಳು ಕೂಡ ಇದೇ ಕೆಲಸ ಮಾಡುತ್ತವೆ. ಯಾಕೆ? ದಶಕಗಟ್ಟಲೆ ವಾದ ನಡೆಯಿತು. ಆಕ್ಸೈಡು, ಅಂದರೆ ಈ ತುಕ್ಕಿನ ಪದರ, ಲೋಹದೊಳಕ್ಕೆ ಗೂಟ ಇಳಿಸುತ್ತದೆ ಎಂದರು ಕೆಲವರು, ಪದರ ಬೆಳೆಯುವ ಬಗೆಯೇ ಬದಲಾಗುತ್ತದೆ ಎಂದರು ಇನ್ನು ಕೆಲವರು.

ಗಂಧಕದ ಕಡೆ ಕಣ್ಣು ಹೊರಳಿದ್ದು 1980ರ ದಶಕದಲ್ಲಿ! ಮಿಶ್ರಲೋಹದಲ್ಲಿ ಗಂಧಕ ಹತ್ತು ಲಕ್ಷಕ್ಕೆ ಕೆಲವೇ ಪಾಲು ಇದ್ದರೂ ಸಾಕು, ಕಾವಿಗೆ ಅದು ಹೊರಟುಬಂದು ಲೋಹ-ಅಲ್ಯೂಮಿನಾ ಕೂಡುವ ಗಡಿಯಲ್ಲೇ ಸೇರಿಕೊಳ್ಳುತ್ತದೆ. ಧೂಳು ಒರೆಸದ ಗೋಡೆಗೆ ಬಳಿದ ಸುಣ್ಣದಂತೆ ಪದರದ ಹಿಡಿತ ಸಡಿಲವಾಗುತ್ತದೆ. ಯಿಟ್ರಿಯಂ ಗಂಧಕವನ್ನು ಒಳಗೇ ಕಟ್ಟಿಹಾಕುತ್ತದೆ. ಇದನ್ನು ಪರೀಕ್ಷಿಸಿದ ಬಗೆ ನನಗೆ ಬಹಳ ಇಷ್ಟ: ಯಿಟ್ರಿಯಂ ಬಿಟ್ಟು, ಮಿಶ್ರಲೋಹವನ್ನು ಹೈಡ್ರೋಜನ್ನಿನಲ್ಲಿ ಕಾಯಿಸಿ ಗಂಧಕವನ್ನಷ್ಟೇ ಹೊರಹಾಕಿದರು. ಪದರ ಗಟ್ಟಿಯಾಗಿ ಅಂಟಿಕೊಂಡಿತು. ಹಾಗೆಂದು ಯಿಟ್ರಿಯಮ್ಮಿಗೆ ಬೇರೆ ಕೆಲಸವೇ ಇಲ್ಲವೆಂದಲ್ಲ. ಆಕ್ಸೈಡ್ ಕಣಗಳ ಸಂದಿಗಳಲ್ಲಿ ಕೂತು ಅಲ್ಯೂಮಿನಿಯಂ ಹೊರಬರುವ ದಾರಿಯನ್ನು ಅದು ಬಿಗಿ ಮಾಡುತ್ತದೆ.

ಹಾಗಾದರೆ ಎರಡು ಚಿಟಿಕೆ ಹಾಕಿಬಿಡಬಹುದಲ್ಲ? ಆಗದು. ಹೆಚ್ಚಾದ ಯಿಟ್ರಿಯಂ ತಾನೇ ಉರಿದು, ಆಕ್ಸಿಜನ್ ಒಳನುಗ್ಗಲು ದಾರಿ ಮಾಡಿಕೊಡುತ್ತದೆ. ಬ್ಲೇಡು ಎರಕ ಹೊಯ್ಯುವಾಗ ಅಚ್ಚಿನ ಸೆರಾಮಿಕ್ ಜೊತೆ ವರ್ತಿಸಿ ಒಂದಷ್ಟು ಕಳೆದೂ ಹೋಗುತ್ತದೆ, ಉಳಿದದ್ದು ಎಲ್ಲ ಕಡೆ ಒಂದೇ ಸಮ ಇರುವುದಿಲ್ಲ. ಹಾಗಾಗಿ ಗಂಧಕವನ್ನು ಲೋಹ ಕರಗಿಸುವಾಗಲೇ ಆದಷ್ಟು ತೆಗೆಯುತ್ತಾರೆ. ಯಿಟ್ರಿಯಮ್ಮನ್ನು ಬ್ಲೇಡಿನ ಮೈಮೇಲಿನ ನಿಕ್ಕಲ್-ಕೋಬಾಲ್ಟ್-ಕ್ರೋಮಿಯಂ-ಅಲ್ಯೂಮಿನಿಯಂ ಲೇಪನಕ್ಕೆ ಸೇರಿಸುವುದು ರೂಢಿ.