ತಿಗರಿಗೆ ಮೋಟರ್ ಬಂತು, ಮಣ್ಣು ತುಳಿಯೋದು ಯಾಕೆ ತಪ್ಪಲಿಲ್ಲ?

ಕುಂಬಾರರಿಗೆ ಸರ್ಕಾರ ಏನಾದ್ರೂ ಕೊಟ್ಟ ಫೋಟೋ ಪೇಪರಲ್ಲಿ ಬಂದ್ರೆ ಅದ್ರಲ್ಲಿ ಇರೋದು ಹೆಚ್ಚಾಗಿ ಕರೆಂಟ್ ತಿಗರಿನೇ, ಅಂದ್ರೆ ಮೋಟರ್‌ನಿಂದ ತಿರುಗೋ ಮಡಿಕೆ ಮಾಡೋ ಚಕ್ರ. ಅದು ಬೇಡ ಅಂತಲ್ಲ, ನಿಜವಾಗ್ಲೂ ಒಳ್ಳೆ ಮಷೀನು. ಆದ್ರೆ ತಿಗರಿ ಮುಂದೆ ಕೂರೋದು ಈ ಕಸುಬಿನ ಒಂದು ಭಾಗ ಅಷ್ಟೆ, ಮಣ್ಣು ತಂದು ಒಣಗಿಸಿ ಕುಟ್ಟಿ ಜರಡಿ ಹಿಡಿದು ನೆನೆಹಾಕಿ ಕಾಲಲ್ಲಿ ತುಳಿದು ಹದ ಮಾಡೋದ್ರಲ್ಲೇ ದಿನಗಟ್ಲೆ ಹೋಗುತ್ತೆ, ಆಮೇಲೆ ಮಡಿಕೆ ಸುಡೋ ಆವಿಗೆಲಿ ಎಷ್ಟು ಒಡೆಯುತ್ತೆ ಎಷ್ಟು ಉಳಿಯುತ್ತೆ ಅನ್ನೋದ್ರ ಮೇಲೆ ಸಂಪಾದನೆ ನಿಂತಿರುತ್ತೆ. ಕುಂಬಾರನಿಗೆ ವರುಷ ದೊಣ್ಣೆಗೆ ನಿಮಿಷ ಅಂತಾರಲ್ಲ, ಆ ವರುಷ ಹೋಗೋದು ಇಲ್ಲೇ.

ಹಳೇ ತಿಗರಿ ಅಂದ್ರೆ ನೆಲದಲ್ಲಿ ಹೂತಿರೋ ಗೂಟದ ತುದಿ ಮೇಲೆ ಕೂರೋ ಭಾರವಾದ ಚಕ್ರ. ಅದರ ತೂತಿಗೆ ಕೋಲು ಸಿಗಿಸಿ ಜೋರಾಗಿ ತಿರುಗಿಸಿ ಬಿಟ್ರೆ ತನ್ನ ಭಾರಕ್ಕೇ ಸ್ವಲ್ಪ ಹೊತ್ತು ಸುತ್ತುತ್ತೆ, ವೇಗ ಇಳಿಯೋದ್ರೊಳಗೆ ಕೆಲಸ ಮುಗಿಸ್ಬೇಕು, ಇಲ್ಲಾಂದ್ರೆ ಮತ್ತೆ ಕೋಲು ಹಿಡೀಬೇಕು. ಸೊಂಟ, ಭುಜ ಎರಡೂ ಸವೆದುಹೋಗುತ್ತೆ. ಇಷ್ಟಾದ್ರೂ ದುಂಡು ತಳದ ಗಡಿಗೆ ತಿಗರಿ ಮೇಲೇ ಪೂರ್ತಿ ಆಗಲ್ಲ. ದಪ್ಪಗೆ ಎತ್ತಿ ಕತ್ತರಿಸಿ ಇಟ್ಟು, ಸ್ವಲ್ಪ ಆರಿದ್ಮೇಲೆ ಒಳಗೊಂದು ಕಲ್ಲು ಹಿಡ್ಕೊಂಡು ಹೊರಗಿಂದ ಮರದ ಹಲಗೆಲಿ ತಟ್ಟಿ ತಟ್ಟಿ ತಳ ದುಂಡಗೆ, ಮೈ ತೆಳ್ಳಗೆ ಮಾಡ್ಬೇಕು. ಕರೆಂಟ್ ತಿಗರಿ ಬಂದ್ಮೇಲೂ ಈ ತಟ್ಟೋ ಕೆಲಸ ಕೈಯಲ್ಲೇ ಉಳ್ಕೊಂಡಿದೆ.

ಮಣ್ಣು ಹದ ಮಾಡೋ ಮಷೀನು ನಮ್ಮ ಕಡೆ ಬಂದು ತುಂಬಾ ಕಾಲ ಆಯ್ತು, ಆದ್ರೆ ಬಂದಿದ್ದು ಫ್ಯಾಕ್ಟರಿಗೆ. 1865ರಲ್ಲಿ ಬಾಸೆಲ್ ಮಿಶನ್ ಅನ್ನೋ ಕ್ರೈಸ್ತ ಮಿಶನರಿ ಸಂಸ್ಥೆಯ ಜಾರ್ಜ್ ಪ್ಲೆಬ್ಸ್ಟ್ ಮಂಗಳೂರಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ್ರು. ನದಿ ಬದಿಯ ಜೇಡಿಮಣ್ಣು ಹೇರಳವಾಗಿ ಸಿಗ್ತಿತ್ತು, ಕಾರ್ಖಾನೆಗಳು ಬೆಳೀತಾ ಬೆಳೀತಾ ಮಣ್ಣು ಕಲೆಸೋಕೆ ಪಗ್ ಮಿಲ್, ಅಚ್ಚು ಒತ್ತೋಕೆ ಪ್ರೆಸ್ಸು, ಸುಡೋಕೆ ದೊಡ್ಡ ಭಟ್ಟಿ ಎಲ್ಲಾ ಬಂತು. ಪಗ್ ಮಿಲ್ ಅಂದ್ರೆ ಒಂದು ಉದ್ದ ಡ್ರಮ್ಮು, ಒಳಗೆ ಬ್ಲೇಡ್ ಇರೋ ಶಾಫ್ಟು ತಿರುಗ್ತಾ ಮಣ್ಣನ್ನ ಕತ್ತರಿಸಿ ಕಲೆಸಿ ಮುಂದಕ್ಕೆ ತಳ್ಳುತ್ತೆ, ಇನ್ನೊಂದು ಕಡೆಯಿಂದ ಹದವಾದ ಮಣ್ಣು ದಿಂಡಾಗಿ ಹೊರಗೆ ಬರುತ್ತೆ. ಕಾಲಲ್ಲಿ ತುಳಿಯೋ ಕೆಲಸ ಅದೇ, ಹೆಚ್ಚುಕಮ್ಮಿ.

ನನಗೆ ಬೇಜಾರಾಗೋದು ಇಲ್ಲಿ. ಕುಂಬಾರರು ತಿಗರಿ ಮೇಲೆ ಕೊಳವೆ ಥರ ಎತ್ತಿ, ಉದ್ದಕ್ಕೆ ಸೀಳಿ ನಾಡಹೆಂಚು ಮಾಡ್ತಿದ್ರು, ಊರೂರಿಗೂ ಅದೇ ಹೊದಿಕೆ. ಮಂಗಳೂರು ಹೆಂಚು ಹಬ್ಬಿದಂಗೆ ಆ ವ್ಯಾಪಾರ ಹೋಯ್ತು. ಮಷೀನು ಅವರ ಕೆಲಸ ತಗೊಂಡು ಹೋಯ್ತೇ ಹೊರತು ಅವರ ಅಂಗಳಕ್ಕೆ ಬರ್ಲಿಲ್ಲ. ಬೆಂಗಳೂರಲ್ಲಿ ಸರ್ಕಾರಿ ಪಿಂಗಾಣಿ ಕಾರ್ಖಾನೆ ಆದಾಗ್ಲೂ ಹಿಂಗೇ, ಅದು ಕರೆಂಟ್ ಲೈನಿನ ಇನ್ಸುಲೇಟರ್ ಕಡೆ ಹೋಯ್ತು, ಮುಂದೆ ಕೇಂದ್ರ ಸರ್ಕಾರದ ಕಂಪನಿ ಬಿಎಚ್‌ಇಎಲ್‌ಗೆ ಸೇರ್ತು.

ಕುಂಬಾರರನ್ನೇ ನೋಡ್ಕೊಂಡು ಸಲಕರಣೆ ಸುಧಾರಿಸೋ ಪ್ರಯತ್ನ ಗ್ರಾಮೋದ್ಯೋಗದ ಕಡೆಯಿಂದ ಬಂತು. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗ ಶುರುವಾಗಿದ್ದು 1957ರಲ್ಲಿ, ಅದರದ್ದೇ ಕುಂಬಾರಿಕೆ ತರಬೇತಿ ಸಂಸ್ಥೆ ಬೆಳಗಾವಿ ಜಿಲ್ಲೆ ಖಾನಾಪುರದಲ್ಲಿದೆ. ಬಾಲ್ ಬೇರಿಂಗ್ ಹಾಕಿದ ಚಕ್ರಗಳು ಬಂದಿದ್ದು ಈ ದಾರಿಲಿ, ಹಗುರಾಗಿ ತಿರುಗುತ್ತೆ, ಅಲ್ಲಾಡಲ್ಲ. ಆಮೇಲೆ ಮೋಟರ್. 2018ರಲ್ಲಿ ಆಯೋಗ ಕುಂಬಾರ ಸಶಕ್ತೀಕರಣ ಯೋಜನೆ ತಂದು ದೇಶದಾದ್ಯಂತ ಕರೆಂಟ್ ತಿಗರಿ ಹಂಚ್ತು, ಮಣ್ಣು ಕಲೆಸೋ ಮಷೀನೂ ಅದ್ರಲ್ಲಿತ್ತು. ಹಲವು ಕಡೆ ಹೆಂಗಸರು ತಿಗರಿ ಮುಟ್ಟಬಾರ್ದು ಅನ್ನೋ ಕಟ್ಟುಪಾಡಿತ್ತು, ಮಣ್ಣು ಹೊರೋದು ತುಳಿಯೋದು ಮಾತ್ರ ಅವರ ಪಾಲು. ಪೆಡಲ್ ಒತ್ತಿದ್ರೆ ತಿರುಗೋ ಚಕ್ರದ ಮುಂದೆ ಈಗ ಅವರೂ ಕೂರ್ತಿದಾರೆ, ಇದು ನನ್ನ ಪ್ರಕಾರ ಮೋಟರ್‌ನಿಂದ ಆದ ಅತಿ ದೊಡ್ಡ ಲಾಭ.

2023ರ ಪಿಎಂ ವಿಶ್ವಕರ್ಮ ಯೋಜನೆಲಿ ಕುಂಬಾರರು ಸೇರಿ 18 ಕಸುಬಿನವರಿಗೆ ಸಲಕರಣೆಗೆ ಅಂತ 15,000 ರೂಪಾಯಿವರೆಗೆ ಇ-ವೋಚರ್ ಸಿಗುತ್ತೆ. ಅಷ್ಟರಲ್ಲಿ ಪಗ್ ಮಿಲ್ ಬರಲ್ಲ, ಭಟ್ಟಿಯಂತೂ ಕೇಳ್ಲೇಬೇಡಿ. ಸಾಲ ಬೇರೆ ಇದೆ, ಮೊದಲು 1 ಲಕ್ಷ, ಆಮೇಲೆ 2 ಲಕ್ಷ, 5% ಬಡ್ಡಿಗೆ. ಆದ್ರೆ ಹಣತೆ, ಮಡಿಕೆ ಮಾರೋ ಒಂದು ಮನೆ ಅಷ್ಟು ಸಾಲ ಹೊತ್ತು ಮಷೀನು ತಗೊಳ್ಳೋದು ಸುಲಭ ಅಲ್ಲ.

ಭಟ್ಟಿ ವಿಷ್ಯ ಎಲ್ಲಕ್ಕಿಂತ ಮುಖ್ಯ, ಅದನ್ನೇ ಎಲ್ರೂ ಮರೀತಾರೆ. ಆವಿಗೆಲಿ ಸೌದೆ, ಕುಳ್ಳು, ಹುಲ್ಲು ಒಟ್ಟಿ ಮೇಲೆ ಮಣ್ಣು ಮೆತ್ತಿ ಸುಡ್ತಾರೆ, 700ರಿಂದ 900 ಡಿಗ್ರಿ ಆಸುಪಾಸು ಹೋಗುತ್ತೆ, ಒಂದ್ಸಲ ಹತ್ತಿಕೊಂಡ್ಮೇಲೆ ಹಿಡಿತ ಕಮ್ಮಿ. ಶುರುಲಿ ಬೇಗ ಕಾದ್ರೆ ಒಳಗಿನ ತೇವ ಆವಿಯಾಗಿ ಮಡಿಕೆನೇ ಸಿಡಿಯುತ್ತೆ. 573 ಡಿಗ್ರಿ ಹತ್ರ ಮಣ್ಣಲ್ಲಿರೋ ಬೆಣಚುಕಲ್ಲಿನ ಹರಳು ತಟ್ಟನೆ ಹಿಗ್ಗುತ್ತೆ, ಆರುವಾಗ ಅಲ್ಲೇ ಕುಗ್ಗುತ್ತೆ, ಗಾಳಿ ಬೀಸಿ ಒಂದೇ ಕಡೆ ತಣ್ಣಗಾದ್ರೆ ಬಿರುಕು ಗ್ಯಾರಂಟಿ. ಬೆಂಗಳೂರಿನ ಸ್ಟುಡಿಯೋಗಳಲ್ಲಿ ಕರೆಂಟ್ ಭಟ್ಟಿಗೆ ಗಂಟೆಗೆ ಇಷ್ಟೇ ಡಿಗ್ರಿ ಏರ್ಬೇಕು ಅಂತ ಸೆಟ್ ಮಾಡಿ ಬಿಡ್ತಾರೆ, ಹಳ್ಳಿ ಕುಂಬಾರ ಹೊಗೆ ಬಣ್ಣ ನೋಡಿ ಅಂದಾಜು ಹಾಕ್ತಾನೆ.

ಒಂದೊಂದು ಮನೆಗೂ ಪಗ್ ಮಿಲ್ ಬೇಕಿಲ್ಲ. 2005ರಿಂದ ಇರೋ ಕೇಂದ್ರ ಸರ್ಕಾರದ ಸ್ಫೂರ್ತಿ ಯೋಜನೆಲಿ ಒಂದೇ ಕಸುಬಿನವ್ರು ಸೇರಿ ಸಾಮಾನ್ಯ ಸೌಲಭ್ಯ ಕೇಂದ್ರ, ಅಂದ್ರೆ ಎಲ್ರೂ ಹಂಚ್ಕೊಂಡು ಬಳಸೋ ಮಷೀನುಗಳ ಜಾಗ, ಮಾಡ್ಕೊಳ್ಳೋಕೆ ಅವಕಾಶ ಇದೆ. ಒಂದು ಕೇರಿಗೆ ಒಂದು ಪಗ್ ಮಿಲ್, ಸೌದೆ ಕಮ್ಮಿ ತಿನ್ನೋ ಒಂದು ಮುಚ್ಚಿದ ಭಟ್ಟಿ, ಅದರ ಜೊತೆಗೆ ಕೆರೆ ಮಣ್ಣು ತೆಗೆಯೋಕೆ ಪಂಚಾಯ್ತಿಯಿಂದ ತಕರಾರಿಲ್ಲದ ಪರ್ಮಿಷನ್ನು, ಇಷ್ಟನ್ನ ಮೊದಲು ಕೊಡ್ಲಿ, ತಿಗರಿ ಆಮೇಲೆ ಬಂದ್ರೂ ನಡೆಯುತ್ತೆ.