ಮೈಗೆ ಸುತ್ತಿಕೊಂಡ ಗಾಳಿ

ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಓಡಿಹೋಗುತ್ತದೆ ಅನ್ನುತ್ತಾರೆ ನಮ್ಮಲ್ಲಿ. ಹೆಚ್ಚುಕಮ್ಮಿ ಅದೇ ಹೊತ್ತಿಗೆ, ಫೆಬ್ರವರಿ-ಮಾರ್ಚ್‌ನಲ್ಲಿ, ನ್ಯೂಯಾರ್ಕ್, ಲಂಡನ್, ಮಿಲಾನ್, ಪ್ಯಾರಿಸ್‌ಗಳಲ್ಲಿ ಮುಂದಿನ ಚಳಿಗಾಲದ ಬಟ್ಟೆಗಳ ಪ್ರದರ್ಶನ ಶುರುವಾಗುತ್ತದೆ. ಫ್ಯಾಷನ್‌ನವರು ಇದನ್ನು ಆಟಮ್-ವಿಂಟರ್ ಸೀಸನ್ ಅಂತ ಕರೆಯುತ್ತಾರೆ. ಪ್ರತಿ ವರ್ಷ ಬಣ್ಣ ಬದಲಾಗುತ್ತದೆ, ಕಾಲರ್ ಬದಲಾಗುತ್ತದೆ, ಉದ್ದ ಇದ್ದದ್ದು ಗಿಡ್ಡ ಆಗುತ್ತದೆ. ಆದರೆ ಒಂದು ಬಟ್ಟೆ ಮಾತ್ರ ದಶಕಗಳಿಂದ ಒಂದಲ್ಲ ಒಂದು ರೂಪದಲ್ಲಿ ಬರುತ್ತಲೇ ಇದೆ. ಅದು ಪಫರ್ ಜಾಕೆಟ್. ಅಡ್ಡಡ್ಡ ಹೊಲಿಗೆ ಹಾಕಿ, ಸಣ್ಣ ಸಣ್ಣ ದಿಂಬುಗಳನ್ನು ಸಾಲಾಗಿ ಜೋಡಿಸಿದ ಹಾಗೆ ಕಾಣುವ ಉಬ್ಬಿದ ಕೋಟು. ಡಿಸೆಂಬರ್ ಬಂದರೆ ಈಗ ಬೆಂಗಳೂರಿನ ರಸ್ತೆಯಲ್ಲೂ ಕಾಣುತ್ತದೆ.

ನನಗೆ ಈ ಜಾಕೆಟ್ ಬಹಳ ಇಷ್ಟ. ಬೇರೆ ಬಟ್ಟೆಗಳಲ್ಲಿ ಚಂದ ಒಂದು ಕಡೆ, ಉಪಯೋಗ ಒಂದು ಕಡೆ ಇರುತ್ತದೆ. ಇದರಲ್ಲಿ ಕಣ್ಣಿಗೆ ಕಾಣುವ ಆ ಉಬ್ಬೇ ಅದು ಮಾಡುವ ಕೆಲಸ. ಉಬ್ಬಿನೊಳಗೆ ಏನಿದೆ ಅಂತ ಗೊತ್ತಾದರೆ, ಈ ವರ್ಷದ ಯಾವ ಫ್ಯಾಷನ್ ಚಳಿ ತಡೆಯುತ್ತದೆ, ಯಾವುದು ತಡೆಯುವುದಿಲ್ಲ ಅಂತ ನಾವೇ ಹೇಳಬಹುದು.

ಮೊದಲು ಒಂದು ವಿಷಯ. ಬಟ್ಟೆ ಬೆಚ್ಚಗಿರುತ್ತದೆ ಅಂತ ಸುಮ್ನೆ ಮಾತಿಗೆ ಹೇಳುತ್ತೇವೆ. ಬೆಚ್ಚಗಿರುವುದು ನಾವು. ಸುಮ್ಮನೆ ಕುಳಿತ ಒಬ್ಬ ಮನುಷ್ಯ ಸುಮಾರು 100 ವಾಟ್ ಶಾಖ ಬಿಡುತ್ತಿರುತ್ತಾನೆ, ಹಳೇ ಕಾಲದ ಒಂದು ಬಲ್ಬಿನಷ್ಟು. ಆ ಶಾಖ ಹೊರಗೆ ಹೋಗುವುದನ್ನು ನಿಧಾನ ಮಾಡುವುದಷ್ಟೇ ಬಟ್ಟೆಯ ಕೆಲಸ. ಅದಕ್ಕೆ ನಮ್ಮ ಸುತ್ತ ಸಿಗುವ ವಸ್ತುಗಳಲ್ಲಿ ಬಹಳ ಒಳ್ಳೆಯದು ಗಾಳಿ. ನೀರು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಶಾಖವನ್ನು ದಾಟಿಸುತ್ತದೆ. ಲೋಹಗಳಂತೂ ಸಾವಿರಾರು ಪಟ್ಟು.

ಆದರೆ ಗಾಳಿಗೆ ಒಂದು ಚಾಳಿ ಇದೆ. ಅದು ಒಂದು ಕಡೆ ನಿಲ್ಲುವುದಿಲ್ಲ. ಮೈಗೆ ತಾಗಿದ ಗಾಳಿ ಬಿಸಿಯಾಗಿ ಮೇಲೇಳುತ್ತದೆ, ಆ ಜಾಗಕ್ಕೆ ತಣ್ಣನೆಯದು ನುಗ್ಗುತ್ತದೆ. ಹಾಗಾಗಿ ಗಾಳಿ ಇದ್ದರೆ ಸಾಲದು, ಅದನ್ನು ಹಿಡಿದು ನಿಲ್ಲಿಸಬೇಕು. ಚಳಿಗಾಲದ ಬಟ್ಟೆಗಳ ಕಥೆಯೆಲ್ಲ ಇಷ್ಟೇ. ಸ್ವೆಟರ್, ಕಂಬಳಿ, ರಜಾಯಿ, ಪಫರ್ ಎಲ್ಲವೂ ಗಾಳಿಯನ್ನು ಕಟ್ಟಿಹಾಕುವ ಬೇರೆ ಬೇರೆ ಉಪಾಯಗಳು.

ಇದನ್ನು ಮೊದಲು ಕಂಡುಕೊಂಡವರು ನಾವಲ್ಲ. ಮಾಗಿ ಚಳಿಯ ಬೆಳಗ್ಗೆ ವೈರಿನ ಮೇಲೆ ಕುಳಿತ ಪಾರಿವಾಳ ನೋಡಿ. ಗರಿ ಕೆದರಿಕೊಂಡು ಚೆಂಡಿನ ಹಾಗೆ ಉಬ್ಬಿರುತ್ತದೆ. ಗರಿ ಎದ್ದಷ್ಟೂ ಒಳಗೆ ನಿಲ್ಲುವ ಗಾಳಿ ಜಾಸ್ತಿ. ಚಳಿಗೆ ನಮ್ಮ ಮೈ ಮೇಲೆ ಮುಳ್ಳೇಳುತ್ತದಲ್ವಾ, ಅದೂ ಇದೇ. ರೋಮದ ಬುಡದಲ್ಲಿರುವ ಪುಟ್ಟ ಸ್ನಾಯು ಬಿಗಿಯಾಗಿ ಕೂದಲನ್ನು ನೆಟ್ಟಗೆ ನಿಲ್ಲಿಸುತ್ತದೆ. ಮೈತುಂಬ ದಟ್ಟ ಕೂದಲಿದ್ದ ಪೂರ್ವಿಕರಿಗೆ ಅದರಿಂದ ಲಾಭವಿತ್ತು. ನಮಗೆ ಕೂದಲು ಹೋಯಿತು, ಮುಳ್ಳು ಉಳಿಯಿತು.

ಪಫರ್ ಜಾಕೆಟ್ ಒಳಗೆ ತುಂಬುವುದು ಬಾತುಕೋಳಿ ಅಥವಾ ಹೆಬ್ಬಾತಿನ ಎದೆಯ ಗರಿಗಳ ಅಡಿಯಲ್ಲಿರುವ ಮೆತ್ತನೆಯ ತುಪ್ಪಳ. ಇದನ್ನು ಡೌನ್ ಅನ್ನುತ್ತಾರೆ. ಸಾಮಾನ್ಯ ಗರಿಗೆ ನಡುವೆ ಗಟ್ಟಿ ಕಡ್ಡಿ ಇರುತ್ತದೆ, ಚಪ್ಪಟೆಯಾಗಿರುತ್ತದೆ. ಡೌನ್‌ಗೆ ಕಡ್ಡಿ ಇಲ್ಲ. ಒಂದು ಬಿಂದುವಿನಿಂದ ಎಲ್ಲ ದಿಕ್ಕಿಗೂ ಎಳೆಗಳು ಚಾಚಿರುತ್ತವೆ, ಎಕ್ಕದ ಬೀಜದ ಹತ್ತಿಯ ಹಾಗೆ. ಪ್ರತಿ ಎಳೆಗೂ ಇನ್ನೂ ಸಣ್ಣ ಕವಲುಗಳು. ಒತ್ತಿದರೆ ಮುದುಡುತ್ತದೆ, ಬಿಟ್ಟರೆ ಮತ್ತೆ ಅರಳುತ್ತದೆ.

ಜಾಕೆಟಿನ ಮೇಲೆ 600, 700, 800 ಅಂತ ಒಂದು ಸಂಖ್ಯೆ ಬರೆದಿರುವುದನ್ನು ನೋಡಿರಬಹುದು. ಅದನ್ನು ಫಿಲ್ ಪವರ್ ಅನ್ನುತ್ತಾರೆ. ಒಂದು ಔನ್ಸ್, ಅಂದರೆ 28 ಗ್ರಾಂ ಡೌನ್ ಅರಳಿದಾಗ ಎಷ್ಟು ಘನ ಇಂಚು ಜಾಗ ತುಂಬುತ್ತದೆ ಅನ್ನುವ ಲೆಕ್ಕ. 800 ಅಂದರೆ ಸುಮಾರು 13 ಲೀಟರ್, ಒಂದು ಸಣ್ಣ ಬಕೆಟ್ ತುಂಬುವಷ್ಟು. ಆ 13 ಲೀಟರ್‌ನಲ್ಲಿ ತುಪ್ಪಳದ ನಿಜವಾದ ಗಾತ್ರ ನಾಲ್ಕೈದು ಟೀ ಚಮಚದಷ್ಟು ಮಾತ್ರ. ಉಳಿದದ್ದೆಲ್ಲ ಗಾಳಿ. ದುಬಾರಿ ಜಾಕೆಟಿಗೆ ನಾವು ದುಡ್ಡು ಕೊಡುವುದು ಆ ಗಾಳಿಯನ್ನು ಕದಲದ ಹಾಗೆ ಹಿಡಿಯುವ ಜಾಣತನಕ್ಕೆ.

ಈ ಜಾಣತನವನ್ನು ಎವರೆಸ್ಟಿಗೆ ತೆಗೆದುಕೊಂಡು ಹೋದವನು ಜಾರ್ಜ್ ಫಿಂಚ್. ಆಸ್ಟ್ರೇಲಿಯಾದಲ್ಲಿ ಹುಟ್ಟಿದವನು, ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ರಸಾಯನಶಾಸ್ತ್ರದ ಮೇಷ್ಟ್ರು. 1922ರ ಬ್ರಿಟಿಷ್ ತಂಡದಲ್ಲಿ ಹೆಚ್ಚಿನವರು ಹೋದದ್ದು ಉಣ್ಣೆಯ ಸ್ವೆಟರು, ಟ್ವೀಡ್ ಕೋಟುಗಳಲ್ಲಿ. ಫಿಂಚ್ ಮಾತ್ರ ಬಲೂನು ಮಾಡುವ ಬಟ್ಟೆಯೊಳಗೆ ಐಡರ್ ಬಾತಿನ ತುಪ್ಪಳ ತುಂಬಿಸಿ ಒಂದು ಉದ್ದನೆಯ ಕೋಟು ಹೊಲಿಸಿಕೊಂಡು ಬಂದಿದ್ದ. ಮೊದಲು ಜೊತೆಯವರು ನಕ್ಕರು. ಮೇಲೆ ಹೋದಂತೆ ನಗು ನಿಂತಿತು. ಅದೇ ಕೋಟನ್ನು ನೋಡಿ ಆಸೆಪಟ್ಟರು. ಆ ಮೇ ತಿಂಗಳಲ್ಲಿ ಅವನು ಜೆಫ್ರಿ ಬ್ರೂಸ್ ಜೊತೆ, ಆಮ್ಲಜನಕದ ಸಿಲಿಂಡರ್ ಹೊತ್ತು, 8,300 ಮೀಟರ್ ದಾಟಿದ. ಅಷ್ಟು ಎತ್ತರಕ್ಕೆ ಅಲ್ಲಿಯವರೆಗೆ ಯಾರೂ ಹತ್ತಿರಲಿಲ್ಲ.

ಒಬ್ಬ ವಿಜ್ಞಾನಿ ಬಟ್ಟೆಯನ್ನು ವಿಜ್ಞಾನಿಯ ಹಾಗೆ ನೋಡಿದ ಗಳಿಗೆ ಅದು. ಗಾಳಿ ನುಗ್ಗದ ಹೊರಪದರ, ಅದರೊಳಗೆ ಕದಲದ ಗಾಳಿ. ಇವತ್ತಿನ ಪಫರ್ ಕೂಡ ಇದೇ ಸೂತ್ರದ ಮೇಲೆ ನಿಂತಿದೆ.

ಸೂತ್ರ ಅಂಗಡಿಗೆ ಬಂದದ್ದು ಅಮೆರಿಕದಿಂದ. ಸಿಯಾಟಲ್‌ನಲ್ಲಿ ಆಟದ ಸಾಮಾನು ಮಾರುತ್ತಿದ್ದ ಎಡ್ಡಿ ಬಾವರ್ ಒಮ್ಮೆ ಚಳಿಗಾಲದಲ್ಲಿ ಮೀನು ಹಿಡಿಯಲು ಹೋಗಿ, ಬಟ್ಟೆ ಒದ್ದೆಯಾಗಿ, ಶೀತದಿಂದ ಸಾಯುವ ಹಂತಕ್ಕೆ ಬಂದಿದ್ದ. ಅದಾದ ಮೇಲೆ 1936ರಲ್ಲಿ ಡೌನ್ ತುಂಬಿದ ಸ್ಕೈಲೈನರ್ ಅನ್ನುವ ಜಾಕೆಟ್ ಮಾರಲು ಶುರು ಮಾಡಿದ. 1940ರಲ್ಲಿ ಅದಕ್ಕೆ ಪೇಟೆಂಟ್ ಸಿಕ್ಕಿತು. ಡೌನ್ ತುಂಬಿದ ಚೀಲಕ್ಕೆ ಒಂದು ತೊಂದರೆ ಇದೆ. ನಾಲ್ಕು ದಿನ ಹಾಕಿಕೊಂಡರೆ ತುಪ್ಪಳವೆಲ್ಲ ಜಾರಿ ಕೆಳಗೆ ಸೇರುತ್ತದೆ, ಭುಜ ಖಾಲಿ. ಅದನ್ನು ಅಲ್ಲಲ್ಲೇ ನಿಲ್ಲಿಸಲು ಬೇಕಾದದ್ದು ಹೊಲಿಗೆ. ಪಫರ್‌ಗೆ ಅದರ ಚಹರೆ ಕೊಟ್ಟ ಸಾಲುಗಳು ಬಂದದ್ದು ಹೀಗೆ.

ನಮ್ಮ ಉತ್ತರ ಕರ್ನಾಟಕದ ಕೌದಿಯಲ್ಲೂ ಹೊಲಿಗೆಗೆ ಇಂಥದ್ದೇ ಕೆಲಸ. ಹಳೇ ಸೀರೆ, ಧೋತರಗಳನ್ನು ಪದರ ಪದರವಾಗಿ ಹಾಸಿ, ಉದ್ದಕ್ಕೂ ಒತ್ತೊತ್ತಾಗಿ ದಾರ ಓಡಿಸುತ್ತಾರೆ. ಪದರಗಳ ನಡುವೆ ಗಾಳಿ ಉಳಿಯುತ್ತದೆ, ಹೊಲಿಗೆ ಪದರಗಳನ್ನು ಸರಿಯಲು ಬಿಡುವುದಿಲ್ಲ. ಉತ್ತರ ಕನ್ನಡದ ಸಿದ್ದಿ ಹೆಣ್ಣುಮಕ್ಕಳು ಹೊಲಿಯುವ ಕೌದಿಗಳ ಬಣ್ಣದ ಜೋಡಣೆ ನೋಡಿದವರಿಗೆ, ಚಂದ ಮತ್ತು ಬಿಸಿ ಎರಡನ್ನೂ ಒಂದೇ ಸೂಜಿಯಲ್ಲಿ ಪೋಣಿಸಬಹುದು ಅಂತ ಬೇರೆ ಹೇಳಬೇಕಾಗಿಲ್ಲ.

ಫ್ಯಾಷನ್ ಲೋಕ ಈ ಉಬ್ಬನ್ನು ಬೇಗನೆ ಗಮನಿಸಿತು. 1937ರಲ್ಲೇ ಚಾರ್ಲ್ಸ್ ಜೇಮ್ಸ್ ಅನ್ನುವ ವಿನ್ಯಾಸಕ ಬಿಳಿ ಸ್ಯಾಟಿನ್ ಒಳಗೆ ಡೌನ್ ತುಂಬಿ ಹೆಂಗಸರ ಸಂಜೆಯುಡುಗೆಗೆ ಒಂದು ಜಾಕೆಟ್ ಮಾಡಿದ. ಅದು ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿದೆ. 1954ರಲ್ಲಿ ಕೆ2 ಶಿಖರ ಏರಿದ ಇಟಲಿಯ ತಂಡಕ್ಕೆ ಜಾಕೆಟ್ ಕೊಟ್ಟ ಮಾಂಕ್ಲೇರ್ ಕಂಪನಿ ಇವತ್ತು ಐಷಾರಾಮಿ ಬ್ರ್ಯಾಂಡ್. 1970ರ ದಶಕದಲ್ಲಿ ನ್ಯೂಯಾರ್ಕಿನ ನಾರ್ಮಾ ಕಮಾಲಿ ಸ್ಲೀಪಿಂಗ್ ಬ್ಯಾಗನ್ನೇ ಉದ್ದ ಕೋಟಾಗಿ ಮಾಡಿದಳು. 1992ರಲ್ಲಿ ಪರ್ವತಾರೋಹಿಗಳಿಗೆಂದು ಬಂದ ನಾರ್ತ್ ಫೇಸ್‌ನ ನುಪ್ಟ್ಸೆ ಜಾಕೆಟ್ ನ್ಯೂಯಾರ್ಕಿನ ಹಿಪ್-ಹಾಪ್ ಹುಡುಗರ ಮೈ ಮೇಲೆ ಬೀದಿಗಿಳಿಯಿತು. ಈಗ ಬರುವ ಗಿಡ್ಡನೆಯ, ಡಬ್ಬಿಯಂಥ ಪಫರ್‌ಗಳೆಲ್ಲ ಹೆಚ್ಚುಕಮ್ಮಿ ಅದರ ಮಕ್ಕಳು.

ಸರಿ, ಈಗ ಈ ಟ್ರೆಂಡ್‌ಗಳನ್ನು ಭೌತಶಾಸ್ತ್ರದ ಕಣ್ಣಿನಿಂದ ನೋಡೋಣ.

ಬಟ್ಟೆ ಎಷ್ಟು ಚಳಿ ತಡೆಯುತ್ತದೆ ಅಂತ ಅಳೆಯಲು 1941ರಿಂದ ಒಂದು ಮಾನ ಇದೆ. ಅದರ ಹೆಸರು ಕ್ಲೋ. 21 ಡಿಗ್ರಿ ಇರುವ ಕೋಣೆಯಲ್ಲಿ ಸುಮ್ಮನೆ ಕುಳಿತವನಿಗೆ ಹಿತವಾಗಿರಲು ಬೇಕಾದಷ್ಟು ಬಟ್ಟೆ ಒಂದು ಕ್ಲೋ. ಹೆಚ್ಚುಕಮ್ಮಿ ಒಂದು ಸೂಟು. ಗಾಳಿ ಹಿಡಿದಿಟ್ಟ ಒಂದು ಇಂಚು ದಪ್ಪದ ಪದರ ಸುಮಾರು ನಾಲ್ಕು ಕ್ಲೋ ಕೊಡುತ್ತದೆ. ಅದು ಉಣ್ಣೆಯೋ, ಹತ್ತಿಯೋ, ತುಪ್ಪಳವೋ ಅನ್ನುವುದರಿಂದ ದೊಡ್ಡ ವ್ಯತ್ಯಾಸ ಇಲ್ಲ. ಲೆಕ್ಕಕ್ಕೆ ಬರುವುದು ದಪ್ಪ. ಡೌನ್‌ನ ಹೆಚ್ಚುಗಾರಿಕೆ ಏನೆಂದರೆ ಆ ದಪ್ಪವನ್ನು ಬಹಳ ಕಡಿಮೆ ತೂಕದಲ್ಲಿ ಕೊಡುತ್ತದೆ.

ಹಾಗಾಗಿ ದೊಡ್ಡದಾಗಿ ಉಬ್ಬಿದ ಪಫರ್ ಫ್ಯಾಷನ್ ಆದಾಗ ನನಗೆ ಖುಷಿ. ಅದು ನಿಜವಾಗಿ ಕೆಲಸಕ್ಕೆ ಬರುತ್ತದೆ. ಅಗಲ ಪಟ್ಟಿಗಳ ಟ್ರೆಂಡ್ ಕೂಡ ಒಳ್ಳೆಯದೇ. ಹೊಲಿಗೆ ಬಿದ್ದ ಜಾಗದಲ್ಲಿ ಎರಡು ಬಟ್ಟೆ ಅಂಟಿಕೊಂಡಿರುತ್ತವೆ, ಮಧ್ಯೆ ಗಾಳಿಯೇ ಇಲ್ಲ. ಅಲ್ಲಿ ಶಾಖ ಸೋರುತ್ತದೆ. ಪಟ್ಟಿ ಸಣ್ಣದಾದಷ್ಟೂ ಇಂಥ ಸಾಲುಗಳು ಜಾಸ್ತಿ. ಎರಡೆರಡು ಬೆರಳಿಗೊಂದು ಹೊಲಿಗೆ ಇರುವ ತೆಳು ಜಾಕೆಟ್ ನಸುಚಳಿಗೆ ಸರಿ, ಹಿಮಕ್ಕೆ ಸಾಲದು. ಅತಿ ಚಳಿಯ ಜಾಕೆಟ್‌ಗಳಲ್ಲಿ ಎರಡು ಬಟ್ಟೆಗಳನ್ನು ನೇರ ಹೊಲಿಯದೆ, ನಡುವೆ ಪುಟ್ಟ ಬಟ್ಟೆಯ ಗೋಡೆ ನಿಲ್ಲಿಸಿ ಡಬ್ಬಿಗಳ ಹಾಗೆ ಮಾಡುತ್ತಾರೆ.

ಸೊಂಟದ ಮೇಲೇ ಮುಗಿಯುವ, ಕೆಳಗೆ ಸಡಿಲವಾಗಿರುವ ಗಿಡ್ಡ ಪಫರ್ ಬಗ್ಗೆ ಅಷ್ಟು ಒಳ್ಳೆಯ ಮಾತು ಹೇಳಲಾರೆ. ನಡೆಯುವಾಗ ಅದು ಕಮ್ಮಾರನ ತಿದಿಯ ಹಾಗೆ ಕೆಲಸ ಮಾಡುತ್ತದೆ. ಪ್ರತಿ ಹೆಜ್ಜೆಗೂ ಒಳಗಿನ ಬಿಸಿ ಗಾಳಿ ಕತ್ತಿನಿಂದ ಹೊರಗೆ, ಹೊರಗಿನ ತಣ್ಣನೆಯದು ಕೆಳಗಿನಿಂದ ಒಳಗೆ. ಎಷ್ಟು ದಪ್ಪ ಇದ್ದರೂ ಏನು ಬಂತು? ಕೆಳ ಅಂಚಿನಲ್ಲಿ ಎಲಾಸ್ಟಿಕ್ಕೋ ದಾರವೋ ಇದ್ದರೆ ಕೊಳ್ಳಿ. ಪಫರ್ ಮೇಲೆ ಬಿಗಿಯಾದ ಕೋಟು ಹಾಕುವುದೂ ಹಾಗೆಯೇ. ಒಳಗಿನ ತುಪ್ಪಳ ಅಪ್ಪಚ್ಚಿಯಾದರೆ ಉಬ್ಬು ಹೋಯಿತು, ಬಿಸಿಯೂ ಹೋಯಿತು.

ಡೌನ್‌ನ ದೊಡ್ಡ ಶತ್ರು ನೀರು. ಒದ್ದೆಯಾದರೆ ಎಳೆಗಳು ಒಂದಕ್ಕೊಂದು ಅಂಟಿ ಮುದ್ದೆಯಾಗುತ್ತವೆ. ಗಾಳಿಯ ಜಾಗಕ್ಕೆ ನೀರು ಬರುತ್ತದೆ. ಇದಕ್ಕೇ 1980ರ ದಶಕದಲ್ಲಿ ಅಮೆರಿಕದ ಸೈನ್ಯಕ್ಕೆಂದು ಪ್ರೈಮಾಲಾಫ್ಟ್ ಅನ್ನುವ ಕೃತಕ ನಾರು ತಯಾರಾಯಿತು. ಕೂದಲಿಗಿಂತ ತೆಳುವಾದ ಪಾಲಿಯೆಸ್ಟರ್ ಎಳೆಗಳು. ನೆನೆದರೂ ಉಬ್ಬು ಪೂರ್ತಿ ಹೋಗುವುದಿಲ್ಲ, ಬೇಗ ಒಣಗುತ್ತದೆ. ಹಕ್ಕಿಗಳ ತುಪ್ಪಳ ಬೇಡ ಅನ್ನುವವರಿಗೂ ಇದೇ ದಾರಿ. ನನಗೆ ಆ ಕಾಳಜಿ ಸರಿ ಅನ್ನಿಸುತ್ತದೆ. ಆದರೆ ಪಾಲಿಯೆಸ್ಟರ್ ಬಟ್ಟೆಗಳನ್ನು, ಅದರಲ್ಲೂ ಫ್ಲೀಸ್ ಅನ್ನು ಒಗೆದಾಗ ಕಣ್ಣಿಗೆ ಕಾಣದ ಪ್ಲಾಸ್ಟಿಕ್ ನಾರು ನೀರಿಗೆ ಸೇರುತ್ತದೆ ಅನ್ನುವುದನ್ನೂ ಮರೆಯಬಾರದು.

ಒದ್ದೆ ಚಳಿ ಅಂದಾಗ ನನಗೆ ನೆನಪಾಗುವುದು ಕಂಬಳಿ ಕೊಪ್ಪೆ. ಮಲೆನಾಡಿನಲ್ಲಿ ಕಂಬಳಿಯ ಒಂದು ಮೂಲೆ ಮಡಚಿ ತಲೆಗೆ ಹಾಕಿಕೊಂಡು, ಆಷಾಢದ ಮಳೆಯಲ್ಲಿ ದಿನವಿಡೀ ಗದ್ದೆಯಲ್ಲಿ ನಿಲ್ಲುತ್ತಿದ್ದರು. ಉಣ್ಣೆಯ ಎಳೆಯ ಹೊರಮೈಯಲ್ಲಿ ಮೀನಿನ ಪೊರೆಯಂಥ ಹೊದಿಕೆ, ಅದರ ಮೇಲೆ ಕುರಿಯ ಮೈಜಿಡ್ಡು ಇರುತ್ತದೆ. ಮಳೆ ಹನಿ ಬೇಗ ಒಳಗೆ ಇಳಿಯುವುದಿಲ್ಲ. ಎಳೆಯ ಒಳಭಾಗ ಮಾತ್ರ ಆವಿಯನ್ನು ಹೀರುತ್ತದೆ. ತನ್ನ ತೂಕದ ಸುಮಾರು ಮೂರನೇ ಒಂದು ಭಾಗದಷ್ಟು ತೇವ ಹೀರಿಕೊಂಡರೂ ಮುಟ್ಟಿದರೆ ಒದ್ದೆ ಅನ್ನಿಸದು. ಹೀರುವಾಗ ಸ್ವಲ್ಪ ಶಾಖವನ್ನೂ ಬಿಡುತ್ತದೆ. ಚಳ್ಳಕೆರೆಯ ಕಡೆ ಕುರುಬರು ನೇಯುವ ಕಂಬಳಿಯ ಉಣ್ಣೆ ಒರಟು, ಮೈಗೆ ಚುಚ್ಚುತ್ತದೆ, ನಿಜ. ಆದರೆ ಆ ಒರಟು ಎಳೆಗೆ ಬಲ ಇದೆ, ಭಾರೀ ಮಳೆಗೂ ಗಾಳಿಯ ಜಾಗ ಬಿಟ್ಟುಕೊಡುವುದಿಲ್ಲ. ಆ ಮಳೆಗೆ ಡೌನ್ ಜಾಕೆಟ್ ಒಂದು ಗಂಟೆಯೂ ತಡೆಯದು.

ಇನ್ನು ಬೆಂಗಳೂರಿನ ಚಳಿ. ಇಲ್ಲಿ ದಾಖಲಾದ ಅತಿ ಕಡಿಮೆ ತಾಪಮಾನ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ. ಡಿಸೆಂಬರ್ ರಾತ್ರಿಗಳು ಸಾಮಾನ್ಯವಾಗಿ 15-16ರ ಹತ್ತಿರ ಇರುತ್ತವೆ. ದಪ್ಪ ಪಫರ್ ಹಾಕಿಕೊಂಡು ಚುರುಕಾಗಿ ನಡೆದರೆ ಬೆವರು ಬರುತ್ತದೆ, ಆ ಬೆವರು ಒಳಗೇ ತೇವವಾಗಿ ನಿಂತು ಆಮೇಲೆ ಚಳಿ ಹಿಡಿಸುತ್ತದೆ. ಬೆಳಗ್ಗೆ ಸ್ಕೂಟರಿನಲ್ಲಿ ಹೋಗುವವರಿಗೆ ತೊಂದರೆ ಕೊಡುವುದು ಎದುರುಗಾಳಿ. ಅದು ಸ್ವೆಟರಿನ ಕಣ್ಣುಗಳಲ್ಲಿ ನುಗ್ಗಿ, ಹಿಡಿದಿಟ್ಟ ಗಾಳಿಯನ್ನು ಒರೆಸಿಕೊಂಡು ಹೋಗುತ್ತದೆ. ತೆಳು ಸ್ವೆಟರ್, ಅದರ ಮೇಲೆ ಗಾಳಿ ನುಗ್ಗದ ಒಂದು ತೆಳು ಜಾಕೆಟ್ ಸಾಕು. ಟೂರ್ ಡಿ ಫ್ರಾನ್ಸ್‌ನ ಸೈಕಲ್ ಸವಾರರು ಬೆಟ್ಟದ ತುದಿ ತಲುಪಿದಾಗ ಇಳಿಜಾರಿನ ಗಾಳಿಗೆ ಎದೆಯೊಳಗೆ ನ್ಯೂಸ್ ಪೇಪರ್ ತುರುಕಿಕೊಳ್ಳುತ್ತಿದ್ದರು. ಕಾಗದ ಗಾಳಿಯನ್ನು ಒಳಗೆ ಬಿಡುವುದಿಲ್ಲ, ಅಷ್ಟೇ ಉಪಾಯ.

ನಿಜವಾದ ಪಫರ್ ಬೇಕಾಗುವುದು ಲಡಾಖ್‌ಗೆ ಹೋಗುವವರಿಗೆ, ಟೊರಾಂಟೊಗೋ ಮಿನಿಯಾಪೊಲಿಸ್‌ಗೋ ಓದಲು ಹೊರಟ ನಮ್ಮ ಮಕ್ಕಳಿಗೆ. ಅಂಗಡಿಯಲ್ಲಿ ಒಂದು ಪಟ್ಟಿಯನ್ನು ಅಂಗೈಯಿಂದ ಪೂರ್ತಿ ಒತ್ತಿ ಬಿಡಿ. ಬೇಗ ಉಬ್ಬಿ ಬಂದರೆ ಒಳಗಿರುವುದು ಒಳ್ಳೆಯ ತುಪ್ಪಳ. ಒಳಗೆ ಸ್ವೆಟರ್ ಹಿಡಿಸುವಷ್ಟು ಜಾಗ ಇರಲಿ. ಒಗೆದ ಮೇಲೆ ಡ್ರೈಯರ್‌ಗೆ ಎರಡು ಮೂರು ಟೆನಿಸ್ ಬಾಲ್ ಹಾಕಿದರೆ ಮುದ್ದೆಯಾದ ಡೌನ್ ಬಡಿಸಿಕೊಂಡು ಮತ್ತೆ ಅರಳುತ್ತದೆ. ಬೇಸಿಗೆಯಲ್ಲಿ ಚೀಲಕ್ಕೆ ಒತ್ತಿ ತುರುಕದೆ ಹ್ಯಾಂಗರಿಗೆ ತೂಗುಹಾಕಿ.

ಮತ್ತೆ ಫಿಂಚ್. 1924ರ ಎವರೆಸ್ಟ್ ತಂಡಕ್ಕೆ ಅವನನ್ನು ಸೇರಿಸಿಕೊಳ್ಳಲಿಲ್ಲ. ಅವನು ಪ್ರಯೋಗಾಲಯಕ್ಕೆ ಮರಳಿದ. 1952ರಲ್ಲಿ ಭಾರತಕ್ಕೆ ಬಂದು ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದ ನಿರ್ದೇಶಕನಾದ, 1957ರವರೆಗೆ ಅಲ್ಲೇ ಇದ್ದ. ಅವನು ಪುಣೆಗೆ ಬಂದ ಮಾರನೇ ವರ್ಷ, 1953ರ ಮೇ 29ರಂದು, ತೇನ್‌ಸಿಂಗ್ ಮತ್ತು ಹಿಲರಿ ಎವರೆಸ್ಟ್ ತುದಿ ಮುಟ್ಟಿದರು. ಬೆನ್ನ ಮೇಲೆ ಆಮ್ಲಜನಕ, ಮೈ ಮೇಲೆ ಡೌನ್ ಬಟ್ಟೆ. ಎರಡೂ ಬೇಕೇ ಬೇಕು ಅಂತ 31 ವರ್ಷ ಮೊದಲೇ ಹಟ ಹಿಡಿದಿದ್ದ ಮೇಷ್ಟ್ರಿಗೆ ಆಗ 64 ವಯಸ್ಸು.