ಜೀರೋಡರ್ಮಾ ಪಿಗ್ಮೆಂಟೋಸಮ್: ಇದು ‘ಬಿಸಿಲಿನ ಅಲರ್ಜಿ’ ಅಲ್ಲ

ಜೀರೋಡರ್ಮಾ ಪಿಗ್ಮೆಂಟೋಸಮ್ ಅನ್ನುವ ಚರ್ಮದ ಕಾಯಿಲೆಯಿಂದ ಮುಖದ ತುಂಬ ಕಪ್ಪು ಚುಕ್ಕೆ ಇರುವ ಮಗುವಿನ ಫೋಟೋ, ಕೆಳಗೆ ‘ಬಿಸಿಲಿನ ಅಲರ್ಜಿ’ ಅಂತ ಒಂದು ಸಾಲು. ಇದನ್ನು ಇನ್ನಾದರೂ ನಿಲ್ಲಿಸಬೇಕು. ಅಲರ್ಜಿ ಅಂದರೆ ನಮ್ಮ ಜನ ತಿಳಿಯುವುದು ಬದನೆಕಾಯಿ ತಿಂದಾಗ ಬರುವ ನವೆಯನ್ನು. ಒಂದು ಮಾತ್ರೆ ನುಂಗಿದರೆ ಸರಿಹೋಗುತ್ತೆ, ಅಲ್ವಾ? ಹಾಗೆ ನಂಬಿ ಮಗುವನ್ನು ಬಿಸಿಲಿಗೆ ಬಿಟ್ಟರೆ ಏನು ಗತಿ?

ಬಿಸಿಲಿನ ನೇರಳಾತೀತ ಕಿರಣ ಎಲ್ಲರ ಚರ್ಮದಲ್ಲೂ ಡಿಎನ್‌ಎ ಕೆಡಿಸುತ್ತದೆ. ನಮ್ಮ ಜೀವಕೋಶ ಕೆಟ್ಟ ತುಂಡನ್ನು ಕತ್ತರಿಸಿ, ಹೊಸದನ್ನು ಸೇರಿಸುತ್ತದೆ. ಈ ಕಾಯಿಲೆಯ ಹೆಚ್ಚಿನ ಬಗೆಗಳಲ್ಲಿ ಆ ರಿಪೇರಿಯೇ ಹುಟ್ಟಿನಿಂದ ಸರಿಯಾಗಿ ನಡೆಯುವುದಿಲ್ಲ. ವಿಜ್ಞಾನಿ ಜೇಮ್ಸ್ ಕ್ಲೀವರ್ ಇದನ್ನು 1968ರಲ್ಲಿ ತೋರಿಸಿಕೊಟ್ಟರು. ಅಪ್ಪ ಅಮ್ಮ ಇಬ್ಬರಿಂದಲೂ ಕೆಟ್ಟ ಜೀನ್ ಬಂದರೆ ಮಾತ್ರ ಕಾಯಿಲೆ. ಅಂಟುರೋಗ ಖಂಡಿತ ಅಲ್ಲ.

ಹೆಸರೂ ದಾರಿ ತಪ್ಪಿಸುತ್ತದೆ. ಇಲ್ಲಿನ ‘ಜೀರೋ’ ಸೊನ್ನೆಯಲ್ಲ. ಗ್ರೀಕಿನಲ್ಲಿ ‘ಕ್ಸೀರೋಸ್’ ಅಂದರೆ ಒಣಗಿದ್ದು. ನಮ್ಮ ಬೀದಿಯ ಜೆರಾಕ್ಸ್ ಅಂಗಡಿಯ ಬೋರ್ಡಿನಲ್ಲೂ ಅದೇ ಬೇರು ಕೂತಿದೆ: ಶಾಯಿಯ ತೇವವಿಲ್ಲದೆ, ಒಣ ಪುಡಿಯಲ್ಲಿ ಬರೆಯುವ ವಿಧಾನ. ‘ಡರ್ಮಾ’ ಅಂದರೆ ಚರ್ಮ. ವಿಯೆನ್ನಾದ ಚರ್ಮವೈದ್ಯ ಮೊರಿಟ್ಜ್ ಕಪೋಸಿ 1870ರ ದಶಕದಲ್ಲಿ ಬರೀ ‘ಒಣಚರ್ಮ’ ಅಂದರು. ಬಣ್ಣದ ಚುಕ್ಕೆಗಳನ್ನು ಹೇಳುವ ‘ಪಿಗ್ಮೆಂಟೋಸಮ್’ ಅನ್ನು 1882ರಲ್ಲಿ ಸೇರಿಸಿದರು. ಕಣ್ಣಿಗೆ ಕಂಡದ್ದಷ್ಟೇ ಹೆಸರಾಯಿತು. ಆ ಹೆಸರಿನಲ್ಲಿ ಬಿಸಿಲೂ ಇಲ್ಲ, ಕ್ಯಾನ್ಸರೂ ಇಲ್ಲ.

ಭಯಪಡಬೇಕಾದ್ದು ಮಾತ್ರ ಕ್ಯಾನ್ಸರಿಗೇ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ 1971ರಿಂದ 2009ರವರೆಗೆ 106 ರೋಗಿಗಳನ್ನು ಗಮನಿಸಿತು. ಮೆಲನೋಮಾ (ಚರ್ಮಕ್ಕೆ ಬಣ್ಣ ಕೊಡುವ ಕೋಶಗಳ ಕ್ಯಾನ್ಸರ್) ಬಿಟ್ಟು ಉಳಿದ ಚರ್ಮದ ಕ್ಯಾನ್ಸರ್ ಬಂದವರಲ್ಲಿ, ಅದು ಮೊದಲು ಕಾಣಿಸಿಕೊಂಡ ವಯಸ್ಸುಗಳನ್ನು ಸಾಲಾಗಿ ಇಟ್ಟರೆ ನಡುವೆ ಬರುವುದು ಕೇವಲ 9. ನಮ್ಮಲ್ಲಾದರೆ ನಾಲ್ಕನೇ ಕ್ಲಾಸಿನ ಮಗು.

ಬಾಯಿ ಕ್ಯಾನ್ಸರಿನ ವಿಷಯಕ್ಕೆ ಬಂದರೆ ನಮ್ಮ ತಲೆ ಸೀದಾ ಗುಟ್ಕಾ, ಹೊಗೆಸೊಪ್ಪಿನ ಕಡೆ ಓಡುತ್ತದೆ. ಏನೂ ಜಗಿಯದ ಮಗುವಿಗೆ ಹೇಗೆ ಬಂತು? ಕನ್ನಡಿ ಮುಂದೆ ನಿಂತು ನಾಲಿಗೆಯಿಂದ ತುಟಿ ಸವರಿಕೊಂಡು ನೋಡಿ. ಬೆಳಕಿಗೆ ಬರುವುದು ನಾಲಿಗೆಯ ತುದಿ. ಈ ಮಕ್ಕಳಲ್ಲಿ ಬಾಯಿ ಕ್ಯಾನ್ಸರ್ ಜಾಸ್ತಿ ಕಾಣುವುದೂ ಅಲ್ಲೇ, ಜೊತೆಗೆ ತುಟಿಯ ಮೇಲೆ. ಹಾಗಾಗಿ ನಾಲಿಗೆ ತುದಿಯ ಹುಣ್ಣು ವಾಸಿಯಾಗದಿದ್ದರೆ ಸುಮ್ನೆ ಜೇನುತುಪ್ಪ ಸವರುತ್ತಾ ಕೂರಬಾರದು.

ಇನ್ನೊಂದು ಮಾತು. ‘ಕಿಟಕಿ ಗಾಜು ಮುಚ್ಚಿದೆಯಲ್ಲ’ ಅನ್ನುವ ಮೇಷ್ಟ್ರುಗಳೇ, ನೇರಳಾತೀತದಲ್ಲಿ ಒಂದು ಪಾಲು ಮಾಮೂಲಿ ಗಾಜನ್ನು ದಾಟಿ ಬರುತ್ತದೆ. ಆ ಮಗುವನ್ನು ಕಿಟಕಿಯಿಂದ ದೂರ ಕೂರಿಸಿ. ಉದ್ದನೆಯ ಹೆಸರು ನಾಲಿಗೆಗೆ ಹೊರಳದಿದ್ದರೆ ವೈದ್ಯರಂತೆ ಇಂಗ್ಲಿಷ್ ಮೊದಲಕ್ಷರಗಳಲ್ಲಿ ‘ಎಕ್ಸ್‌ಪಿ’ (XP) ಅನ್ನಿ, ಸಾಕು. ‘ಅಲರ್ಜಿ’ ಮಾತ್ರ ಬೇಡ.